ಗೆರೆ ದಾಟದ ಊರು

ಇಂಗ್ಲೆಂಡ್ ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಲಂಡನ್. ಗಡಿಯಾರದ ಗೋಪುರ, ಥೇಮ್ಸ್ ನದಿ, ಅರಮನೆಯ ಮುಂದೆ ಕೆಂಪಂಗಿಯ ಕಾವಲುಗಾರರು. ಇಷ್ಟನ್ನು ನೋಡಿ ಫೋಟೋ ಹಿಡಿದುಕೊಂಡು ಬಂದರೆ ಇಂಗ್ಲೆಂಡ್ ನೋಡಿದ ಹಾಗೇ ಅಂತ ನಾನೂ ತಿಳಿದಿದ್ದೆ. ಮಗಳ ಬಾಣಂತನಕ್ಕೆಂದು ಡಾರ್ಬಿ ನಗರಕ್ಕೆ ಹೋಗಿ ಐದು ತಿಂಗಳು ಇದ್ದು ಬಂದ ಮೇಲೆ ಆ ತಿಳಿವಳಿಕೆ ಬದಲಾಯಿತು.

ಮಗುವಿಗೆ ಮೂರು ತಿಂಗಳು ತುಂಬಿ, ಮಗಳು ಓಡಾಡುವಂತಾದ ಮೇಲೆ ಅಳಿಯಂದಿರು ಒಂದು ಭಾನುವಾರ, "ಅತ್ತೆ, ಲಂಡನ್ ಎಲ್ಲಿಗೂ ಓಡಿಹೋಗೋಲ್ಲ. ಮೊದಲು ನಮ್ಮ ಪಕ್ಕದ ಡೇಲ್ಸ್ ನೋಡಿಬಿಡಿ" ಅಂದರು. ಡೇಲ್ ಅಂದರೆ ಕಣಿವೆ. ಡಾರ್ಬಿ ನಗರದ ಉತ್ತರಕ್ಕೂ ವಾಯವ್ಯಕ್ಕೂ ಹರಡಿಕೊಂಡಿರುವ ಗುಡ್ಡ ಕಣಿವೆಗಳ ಆ ನಾಡಿಗೆ ಡಾರ್ಬಿಷರ್ ಡೇಲ್ಸ್ ಎಂದು ಹೆಸರು. ಡಾರ್ಬಿಯಿಂದ ಪುಟ್ಟ ರೈಲು ಹತ್ತಿದರೆ ಡರ್ವೆಂಟ್ ನದಿಯ ಜೊತೆಜೊತೆಗೇ ಸಾಗಿ ಮುಕ್ಕಾಲು ಗಂಟೆಯೊಳಗೆ ಮ್ಯಾಟ್ಲಾಕ್ ಎಂಬ ಊರಿಗೆ ತಂದಿಳಿಸುತ್ತದೆ. ಒಮ್ಮೆ ಹೋದವಳು ಮತ್ತೆ ಮತ್ತೆ ಹೋದೆ. ಬುತ್ತಿ ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು.

ಹಾಳೆಯ ಮೇಲಿನ ಗೆರೆ

ನಮ್ಮಲ್ಲಿ ಜಿಲ್ಲೆ, ಅದರೊಳಗೆ ತಾಲೂಕು ಇರುವಂತೆ ಅಲ್ಲಿ ಕೌಂಟಿ, ಅದರೊಳಗೆ ಡಿಸ್ಟ್ರಿಕ್ಟ್. ಹೆಸರು ಕೇಳಿ ಮೋಸಹೋಗಬೇಡಿ, ಅವರ ಡಿಸ್ಟ್ರಿಕ್ಟ್ ನಮ್ಮ ತಾಲೂಕಿನ ಲೆಕ್ಕ. ಶಾಲೆ, ದೊಡ್ಡ ರಸ್ತೆ, ಗ್ರಂಥಾಲಯ ಇವೆಲ್ಲ ಕೌಂಟಿಯ ಹೊಣೆ. ಮನೆ ಮುಂದಿನ ಕಸ ಎತ್ತುವುದು, ಮನೆ ಕಟ್ಟಲು ಪರವಾನಗಿ ಕೊಡುವುದು ಡಿಸ್ಟ್ರಿಕ್ಟಿನ ಹೊಣೆ. ಗೃಹಿಣಿಗೆ ದಿನ ಬೆಳಗಾದರೆ ಬೇಕಾಗುವುದು ಯಾವುದು ಅಂತ ನೀವೇ ಹೇಳಿ!

ಈ ಡಿಸ್ಟ್ರಿಕ್ಟ್ ಹುಟ್ಟಿದ್ದು 1974ರ ಏಪ್ರಿಲ್ 1ರಂದು. ಅದಕ್ಕೆ ಮುಂಚೆ ಮ್ಯಾಟ್ಲಾಕ್, ಬೇಕ್‌ವೆಲ್, ಆಷ್‌ಬೋರ್ನ್, ವರ್ಕ್ಸ್‌ವರ್ತ್ ಈ ನಾಲ್ಕು ಪಟ್ಟಣಗಳಿಗೆ ಬೇರೆ ಬೇರೆ ಆಡಳಿತ. ಬೇಕ್‌ವೆಲ್ ಮತ್ತು ಆಷ್‌ಬೋರ್ನ್ ಸುತ್ತಲಿನ ಹಳ್ಳಿಗಳಿಗೆ ಇನ್ನೆರಡು. ಎಲ್ಲವನ್ನೂ ಕೂಡಿಸಿ ಒಂದು ಗೆರೆ ಎಳೆದು 'ಪಶ್ಚಿಮ ಡಾರ್ಬಿಷರ್' ಎಂದು ಕರೆದರು. 1987ರಲ್ಲಿ ಹೆಸರು ಬದಲಾಗಿ ಡಾರ್ಬಿಷರ್ ಡೇಲ್ಸ್ ಆಯಿತು. ಕಚೇರಿ ಮ್ಯಾಟ್ಲಾಕ್‌ನಲ್ಲಿ. ವಿಸ್ತಾರ ಎಂಟುನೂರು ಚದರ ಕಿಲೋಮೀಟರಿಗೆ ಹತ್ತಿರ. ಜನ ಮಾತ್ರ 2021ರ ಗಣತಿಯಲ್ಲಿ ಎಪ್ಪತ್ತು ಸಾವಿರಕ್ಕೆ ಒಂದಿಷ್ಟು ಮೇಲೆ, ಅಷ್ಟೆ. ನಮ್ಮ ಕಡೆಯ ಒಂದು ಸಣ್ಣ ಪಟ್ಟಣದ ಜನ ಅಷ್ಟು ದೊಡ್ಡ ಜಾಗದಲ್ಲಿ ಚೆಲ್ಲಿಕೊಂಡಿದ್ದಾರೆ. ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ, 1951ರಲ್ಲಿ ಆದ ಪೀಕ್ ಡಿಸ್ಟ್ರಿಕ್ಟ್, ಇದರ ದೊಡ್ಡ ಭಾಗವನ್ನು ಆವರಿಸಿದೆ.

2024ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಈ ಎರಡು ಹಂತದ ವ್ಯವಸ್ಥೆಯೇ ಬೇಡ, ಎಲ್ಲೆಡೆ ಒಂದೇ ದೊಡ್ಡ ಕೌನ್ಸಿಲ್ ಇರಲಿ ಎಂಬ ಯೋಜನೆ ಹೊರಡಿಸಿತು. ಅಂದರೆ ಹಾಳೆಯ ಮೇಲೆ ಎಳೆದ ಗೆರೆ ಹಾಳೆಯ ಮೇಲೇ ಅಳಿಯಬಹುದು. ಆದರೆ ಈ ನಾಡಿನಲ್ಲಿ ಬೇರೆ ಗೆರೆಗಳೂ ಇವೆ. ಅಂಥ ಒಂದು ಗೆರೆಯನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ಅದನ್ನು ಕೊನೆಗೆ ಹೇಳುತ್ತೇನೆ.

ಕಲ್ಲು, ನೀರು, ಹೂವು

ಈ ನಾಡಿನ ಮೈಯೆಲ್ಲ ಸುಣ್ಣಕಲ್ಲು. ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಬೆಚ್ಚಗಿನ, ಆಳವಿಲ್ಲದ ಸಮುದ್ರವಿತ್ತು. ಅದರಲ್ಲಿ ಬದುಕಿದ್ದ ಸಣ್ಣ ಸಣ್ಣ ಜೀವಿಗಳ ಚಿಪ್ಪುಗಳೇ ಕಲ್ಲಾಗಿ ನಿಂತಿವೆ. ಹೊಲಗಳ ನಡುವೆ ಮುಳ್ಳಿನ ಬೇಲಿಗೆ ಬದಲು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ. ಕಣ್ಣು ಹಾಯಿಸಿದಷ್ಟೂ ಹಸಿರು ಸೀರೆಗೆ ಬಿಳಿ ಚೌಕಳಿ ಹಾಕಿದ ಹಾಗೆ.

ಮಳೆಗೇನೂ ಬರವಿಲ್ಲ. ಆದರೂ ಇಲ್ಲಿನ ಹಳ್ಳಿಯ ಹೆಂಗಸರು ಹಿಂದೆ ನೀರಿಗೆ ಪಾಡುಪಟ್ಟವರೇ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಬಿದ್ದ ನೀರು ಇಂಗಿ ಕೆಳಗಿಳಿದುಬಿಡುತ್ತದೆ. ಲಾತ್‌ಕಿಲ್ ಎಂಬ ಚೆಂದದ ಹೊಳೆಯ ಮೇಲ್ಭಾಗ ಬೇಸಿಗೆಯಲ್ಲಿ ನೆಲದೊಳಗೇ ಮಾಯವಾಗುತ್ತದೆ. ಹೀಗಾಗಿ ಎಲ್ಲಿ ಒರತೆ ಇತ್ತೋ ಅಲ್ಲಿ ಊರು ಬೆಳೆಯಿತು. ಬೇಕ್‌ವೆಲ್ ಊರಿನ ಹೆಸರಿಗೂ ಬೇಕರಿಗೂ ಸಂಬಂಧವಿಲ್ಲ. ಬಡೆಕ ಎಂಬುವನ ಒರತೆ ಎಂಬುದೇ ಆಡುಮಾತಿನಲ್ಲಿ ಸವೆದು ಬೇಕ್‌ವೆಲ್ ಆಗಿದೆ.

ಇಂಥ ನಾಡಿನಲ್ಲಿ ನೀರಿಗೆ ಹಬ್ಬ ಮಾಡುವುದರಲ್ಲಿ ಆಶ್ಚರ್ಯವೇನು? ಆಷ್‌ಬೋರ್ನ್ ಬಳಿಯ ಟಿಸಿಂಗ್‌ಟನ್ ಹಳ್ಳಿಯಲ್ಲಿ ಈಸ್ಟರ್ ಆದ ನಲವತ್ತನೆಯ ದಿನ, ಗುರುವಾರ, ಊರಿನ ಬಾವಿಗಳಿಗೆಲ್ಲ ಹೂವಿನ ಅಲಂಕಾರ. 1348-49ರ ಮಹಾಮಾರಿಯಲ್ಲಿ ಊರನ್ನು ಕಾಪಾಡಿದ್ದು ಈ ಶುದ್ಧವಾದ ನೀರೇ ಎಂದು ಕೆಲವರು ಹೇಳುತ್ತಾರೆ. 1615ರ ಭಾರೀ ಬರದಲ್ಲೂ ಬತ್ತದ ಬಾವಿಗಳಿಗೆ ಸಲ್ಲಿಸುವ ಕೃತಜ್ಞತೆ ಎಂದು ಇನ್ನು ಕೆಲವರು.

ಮಾಡುವ ರೀತಿ ನಮ್ಮ ಸೋದರಿಯರಿಗೆ ತುಂಬ ಹಿಡಿಸುತ್ತದೆ. ದೊಡ್ಡ ಮರದ ಹಲಗೆಗಳನ್ನು ಕೆಲವು ದಿನ ನೀರಲ್ಲಿ ನೆನೆಹಾಕುತ್ತಾರೆ. ಮೇಲೆ ಉಪ್ಪು ಬೆರೆಸಿದ ಜೇಡಿಮಣ್ಣನ್ನು ದಪ್ಪಗೆ ಮೆತ್ತುತ್ತಾರೆ. ಉಪ್ಪಿದ್ದರೆ ಮಣ್ಣು ಬೇಗ ಒಣಗುವುದಿಲ್ಲ. ಕಾಗದದ ಮೇಲೆ ಬರೆದ ಚಿತ್ರವನ್ನು ಅದರ ಮೇಲಿಟ್ಟು ಸೂಜಿಯಿಂದ ಚುಚ್ಚಿ ಗೆರೆ ಇಳಿಸುತ್ತಾರೆ. ಗೆರೆಗೆ ಕಾಫಿ ಬೀಜವನ್ನೋ ಕಾಡುಮರದ ಒಣಕಾಯಿಯನ್ನೋ ಒತ್ತುತ್ತಾರೆ. ಆಮೇಲೆ ಒಂದೊಂದೇ ಹೂವಿನ ಎಸಳು. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು, ಹೆಂಚು ಹೊದಿಸಿದ ಹಾಗೆ ಮೇಲಿನ ಎಸಳು ಕೆಳಗಿನದನ್ನು ಸ್ವಲ್ಪ ಮುಚ್ಚಬೇಕು. ಮಳೆ ಬಂದರೆ ನೀರು ಜಾರಿಹೋಗಲಿ ಅಂತ! ಇಷ್ಟೆಲ್ಲ ಮಾಡಿದ್ದು ಉಳಿಯುವುದು ಒಂದು ವಾರ. ಬಾಡುತ್ತದೆ ಅಂತ ಗೊತ್ತಿದ್ದೂ ಬೆನ್ನು ಬಗ್ಗಿಸಿ ಮಾಡುವ ಕೆಲಸ. ದಿನಾ ಅಂಗಳದಲ್ಲಿ ರಂಗೋಲಿ ಹಾಕುವವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೀಸ ಮತ್ತು ನೂಲು

ಇದೇ ಕಲ್ಲಿನ ಬಿರುಕುಗಳಲ್ಲಿ ಸೀಸದ ಅದಿರೂ ಸಿಗುತ್ತಿತ್ತು. ವರ್ಕ್ಸ್‌ವರ್ತ್ ಪಟ್ಟಣ ಈ ಗಣಿಗಾರಿಕೆಯ ಕೇಂದ್ರ. ಗಣಿಗಾರರ ವ್ಯಾಜ್ಯ ತೀರಿಸಲು 'ಬಾರ್‌ಮೋಟ್' ಎಂಬ ಪ್ರತ್ಯೇಕ ನ್ಯಾಯಸಭೆ ಅಲ್ಲಿತ್ತು. ಅದಿರನ್ನು ಅಳೆಯಲು 1513ರಲ್ಲಿ ಮಾಡಿಸಿದ ಕಂಚಿನ ಅಳತೆಪಾತ್ರೆ ಇಂದಿಗೂ ಜೋಪಾನವಾಗಿದೆ. ನಾವು ಸೇರು ಪಾವು ಇಟ್ಟುಕೊಂಡಿರುತ್ತಿದ್ದೆವಲ್ಲ, ಹಾಗೆ. ಮನೆ, ತೋಟ, ಚರ್ಚಿನ ಅಂಗಳ, ಹೆದ್ದಾರಿ ಇಂಥವನ್ನು ಬಿಟ್ಟು ಎಲ್ಲಿ ಸೀಸ ಕಂಡರೂ ಅಗೆಯಲು ಬಡವನಿಗೂ ಹಕ್ಕಿತ್ತು.

ಗಣಿಗಳಿಂದ ನೀರು ಹೊರಹಾಕಲು ಗುಡ್ಡದೊಳಗೆ ಕಾಲುವೆ ತೋಡಿದ್ದರು. ಆ ನೀರು ತುಸು ಬೆಚ್ಚಗಿದ್ದು ಚಳಿಗಾಲದಲ್ಲೂ ಹೆಪ್ಪುಗಟ್ಟುತ್ತಿರಲಿಲ್ಲ. ಇದರ ಬೆಲೆ ಅರಿತವನು ರಿಚರ್ಡ್ ಆರ್ಕ್‌ರೈಟ್. ಮೊದಲು ಕ್ಷೌರ ಮಾಡಿಕೊಂಡು, ಕೃತಕ ಕೂದಲಿನ ಟೋಪಿ ಮಾರಿಕೊಂಡಿದ್ದವನು. 1771ರಲ್ಲಿ ಕ್ರಾಮ್‌ಫರ್ಡ್ ಎಂಬಲ್ಲಿ ಈ ನೀರಿನಿಂದಲೂ ಪಕ್ಕದ ತೊರೆಯಿಂದಲೂ ಚಕ್ರ ತಿರುಗಿಸಿ ಹತ್ತಿ ನೂಲುವ ಗಿರಣಿ ಹಾಕಿದ. ನೀರಿನ ಬಲದಿಂದ ಯಶಸ್ವಿಯಾಗಿ ನಡೆದ ಹತ್ತಿ ಗಿರಣಿಗಳಲ್ಲಿ ಪ್ರಪಂಚಕ್ಕೇ ಅದು ಮೊದಲನೆಯದು. 2001ರಲ್ಲಿ ಈ ಕಣಿವೆಯ ಗಿರಣಿಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ದುಡಿದವರು ಯಾರು? ಹೆಚ್ಚಾಗಿ ಹೆಂಗಸರು, ಮಕ್ಕಳು. ಹನ್ನೆರಡು ಗಂಟೆಯ ಪಾಳಿ, ಹಗಲೂ ರಾತ್ರಿ. ಏಳೆಂಟು ವರ್ಷದ ಕೂಸುಗಳೂ ಇದ್ದವು. ಆರ್ಕ್‌ರೈಟ್ 1776ರಲ್ಲಿ ಕಟ್ಟಿಸಿಕೊಟ್ಟ ಮೂರಂತಸ್ತಿನ ಮನೆಗಳ ಸಾಲು ಈಗಲೂ ಗಟ್ಟಿಯಾಗಿದೆ. ಮಗ್ಗಕ್ಕೆ ಬೆಳಕು ಬರಲೆಂದು ಮೇಲಂತಸ್ತಿಗೆ ಉದ್ದನೆಯ ಕಿಟಕಿಗಳು. ಮುಂದೆ ಇಂಥ ಯಂತ್ರದ ನೂಲೇ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದು, ಮನೆಯಲ್ಲಿ ಕೂತು ನೂಲುತ್ತಿದ್ದ ಸಾವಿರಾರು ಹೆಣ್ಣುಮಕ್ಕಳ ಕೈಕೆಲಸ ಕಿತ್ತುಕೊಂಡಿತು. ಆ ಅಂಗಳದಲ್ಲಿ ನಿಂತಾಗ ನನಗೆ ಎರಡೂ ಕಡೆಯ ಹೆಂಗಸರು ನೆನಪಾದರು. 1840ರ ದಶಕದಲ್ಲಿ ಇನ್ನೂ ಆಳದಲ್ಲಿ ಬೇರೊಂದು ಗಣಿಕಾಲುವೆ ತೋಡಿದಾಗ ಕ್ರಾಮ್‌ಫರ್ಡಿನ ನೀರು ಅತ್ತ ಸರಿದುಹೋಯಿತು, ಗಿರಣಿಯ ವೈಭವವೂ ಇಳಿಯಿತು.

ಪಚ್ಚಬಾಳೆಗೆ ಹೆಸರಿಟ್ಟ ಮನೆ

ಬೇಕ್‌ವೆಲ್‌ಗೆ ಹತ್ತಿರದಲ್ಲೇ ಚಾಟ್ಸ್‌ವರ್ತ್ ಎಂಬ ಬಂಗಲೆ ಇದೆ. ಬಂಗಲೆ ಅನ್ನುವುದು ಸಣ್ಣ ಮಾತು, ಅರಮನೆಯೇ ಅನ್ನಿ. ಬೆಸ್ ಆಫ್ ಹಾರ್ಡ್‌ವಿಕ್ ಎಂಬ ಗಟ್ಟಿಗಿತ್ತಿ ಮತ್ತು ಅವಳ ಗಂಡ ವಿಲಿಯಂ ಕ್ಯಾವೆಂಡಿಷ್ 1549ರಲ್ಲಿ ಈ ಜಾಗ ಕೊಂಡರು. ಅವರ ವಂಶದವರೇ ಡೆವನ್‌ಷರ್‌ನ ಅರ್ಲ್‌ಗಳು, ಆಮೇಲೆ ಡ್ಯೂಕ್‌ಗಳು.

ಆರನೆಯ ಡ್ಯೂಕನ ತೋಟದ ಮೇಲ್ವಿಚಾರಕ ಜೋಸೆಫ್ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಗಾಜಿನ ಮನೆಯೊಳಗೆ ಒಂದು ಗಿಡ್ಡ ಬಾಳೆಯನ್ನು ಬೆಳೆಸಿ ಗೊನೆ ಬಿಡಿಸಿದ. ಹೊರಗೆ ಹಿಮ, ಒಳಗೆ ಬಾಳೆಗೊನೆ! ಒಡೆಯನ ಮನೆತನದ ಹೆಸರಿನಿಂದ ಆ ತಳಿಗೆ ಕ್ಯಾವೆಂಡಿಷ್ ಎಂಬ ಹೆಸರು ಬಂತು. ಜಗತ್ತಿನ ದೇಶ ದೇಶಗಳಿಗೆ ರಫ್ತಾಗುವ ಬಾಳೆ ಇಂದು ಬಹುಪಾಲು ಇದೇ ಜಾತಿಯದು. ನಮ್ಮ ಸಂತೆಯಲ್ಲಿ ಕೊಳ್ಳುವ ಪಚ್ಚಬಾಳೆ, ಜಿ-ನೈನ್ ಕೂಡ ಈ ಕುಲಕ್ಕೇ ಸೇರಿದವು. ಏಲಕ್ಕಿ ಬಾಳೆಗೂ ರಸಬಾಳೆಗೂ ಈ ನೆಂಟಸ್ತನವಿಲ್ಲ, ಬಿಡಿ.

ಬೇಕ್‌ವೆಲ್‌ನ ಸಿಹಿ

ಬೇಕ್‌ವೆಲ್‌ನಲ್ಲಿ ಸೋಮವಾರ ಸಂತೆ. ವೈ ನದಿಗೆ ಐದು ಕಮಾನಿನ ಹಳೆಯ ಸೇತುವೆ, ಕೆಳಗೆ ಬಾತುಕೋಳಿಗಳು. ಇಲ್ಲಿಯ ಪುಡಿಂಗ್ ಪ್ರಸಿದ್ಧ. ಹೋಟೆಲಿನ ಅಡಿಗೆಯವಳೊಬ್ಬಳು ಯಜಮಾನಿ ಹೇಳಿದ್ದನ್ನು ತಪ್ಪು ತಿಳಿದು, ಹಿಟ್ಟಿಗೆ ಬೆರೆಸಬೇಕಾದ ಮೊಟ್ಟೆಯ ಮಿಶ್ರಣವನ್ನು ಜಾಮಿನ ಮೇಲೆ ಸುರಿದುಬಿಟ್ಟಳಂತೆ, ಅದೇ ರುಚಿಯಾಯಿತಂತೆ. ಕೇಳಲು ಚೆನ್ನಾಗಿದೆ, ಆದರೆ ಇದನ್ನು ಪೂರ್ತಿ ನಂಬುವ ಹಾಗಿಲ್ಲ. 1845ರಲ್ಲಿ ಎಲೈಜಾ ಆಕ್ಟನ್ ಬರೆದ ಅಡಿಗೆ ಪುಸ್ತಕದಲ್ಲೇ ಬೇಕ್‌ವೆಲ್ ಪುಡಿಂಗ್ ಇದೆ.

ಮಾಡುವುದು ಹೀಗೆ: ನಮ್ಮ ಬೇಕರಿಯ ಪಫ್ಸ್‌ನ ಹೊರಗಿನ ಪದರಹಿಟ್ಟನ್ನು ತಟ್ಟೆಗೆ ಹಾಸಿ, ಅದರ ಮೇಲೆ ಜಾಮ್ ಸವರುತ್ತಾರೆ. ಕರಗಿಸಿದ ಬೆಣ್ಣೆ, ಸಕ್ಕರೆ, ಮೊಟ್ಟೆ, ಬಾದಾಮಿ ಪುಡಿ ಕಲಸಿ ಮೇಲೆ ಸುರಿದು, ಹೊಂಬಣ್ಣ ಬರುವವರೆಗೆ ಓವನ್‌ನಲ್ಲಿ ಬೇಯಿಸುತ್ತಾರೆ. ಬೇಕ್‌ವೆಲ್ ಟಾರ್ಟ್ ಎಂಬುದು ಬೇರೆ. ಅದರ ತಳ ಬಿಸ್ಕತ್ತಿನ ಹಾಗೆ ಗರಿಗರಿ, ಮೇಲಿನದು ಕೇಕಿನ ಹಾಗೆ. ಅಲ್ಲಿಯವರ ಮುಂದೆ ಒಂದನ್ನು ಇನ್ನೊಂದು ಅಂದುಬಿಟ್ಟೀರಿ, ಜೋಕೆ!

ಹೋಗುವವರಿಗೆ ಒಂದೆರಡು ಮಾತು. ಮೇ, ಜೂನ್ ಒಳ್ಳೆಯ ಕಾಲ. ಆದರೂ ಸ್ವೆಟರ್, ಕೊಡೆ ಬೇಕೇ ಬೇಕು. ಸುಣ್ಣಕಲ್ಲು ಒದ್ದೆಯಾದರೆ ಸೋಪಿನಂತೆ ಜಾರುತ್ತದೆ, ಚಪ್ಪಲಿ ನಡೆಯುವುದಿಲ್ಲ, ಗಟ್ಟಿ ಬೂಟು ಹಾಕಿಕೊಳ್ಳಿ. ಸೀರೆಯ ನೆರಿಗೆ ಸ್ವಲ್ಪ ಎತ್ತಿ ಉಟ್ಟರೆ ಮೇಲು.

ಈಮ್

ಬೇಕ್‌ವೆಲ್‌ನಿಂದ ಉತ್ತರಕ್ಕೆ ಗುಡ್ಡದ ಮೇಲೊಂದು ಹಳ್ಳಿ, ಹೆಸರು ಈಮ್. ಹೂಕುಂಡಗಳಿಟ್ಟ ಚೊಕ್ಕಟವಾದ ಕಲ್ಲಿನ ಮನೆಗಳು. ಹತ್ತಿರ ಹೋದರೆ ಆ ಮನೆಗಳ ಮುಂದೆ ಫಲಕಗಳು ಕಾಣುತ್ತವೆ. ಈ ಮನೆಯಲ್ಲಿ ಇಂಥಿಂಥವರು ಪ್ಲೇಗಿನಿಂದ ಸತ್ತರು ಎಂದು ಹೆಸರು ಹೆಸರಾಗಿ ಬರೆದಿದೆ.

1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು. ಅಲ್ಲಿಂದ ಈಮ್‌ನ ದರ್ಜಿಗೆ ಒಂದು ಪೆಟ್ಟಿಗೆ ಬಟ್ಟೆ ಬಂತು. ಬಟ್ಟೆ ಒದ್ದೆಯಾಗಿತ್ತಂತೆ. ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ ಒಲೆಯ ಮುಂದೆ ಹರವಿದ. ಬಟ್ಟೆಯಲ್ಲಿ ರೋಗದ ಚಿಗಟಗಳಿದ್ದವು. ಸೆಪ್ಟೆಂಬರ್ 7ರಂದು ಅವನು ತೀರಿಕೊಂಡ. ಒಂದರ ಹಿಂದೊಂದು ಸಾವು. ಚಳಿಗಾಲದಲ್ಲಿ ಕೊಂಚ ತಗ್ಗಿದ ರೋಗ 1666ರ ಬೇಸಿಗೆಗೆ ಮತ್ತೆ ಹೆಡೆಯೆತ್ತಿತು. ಅನುಕೂಲವಿದ್ದ ಕೆಲವರು ಮೊದಲೇ ಊರು ಬಿಟ್ಟಿದ್ದರು. ಉಳಿದವರೂ ಗಂಟುಮೂಟೆ ಕಟ್ಟಲು ತಯಾರಾದರು.

ಆಗ ಪಾದ್ರಿ ವಿಲಿಯಂ ಮಾಂಪೆಸನ್, ಊರಿಗೆ ಹೊಸಬ, ಇನ್ನೂ ಇಪ್ಪತ್ತೆಂಟರ ಆಸುಪಾಸಿನ ತರುಣ, ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯ ಬಳಿ ಹೋದ. ಸ್ಟ್ಯಾನ್ಲಿಯನ್ನು ಧರ್ಮದ ತಕರಾರಿನಲ್ಲಿ ಆ ಹುದ್ದೆಯಿಂದ ತೆಗೆದಿದ್ದರು. ಇಬ್ಬರಿಗೂ ಸರಿಬೀಳುವ ಕಾರಣವಿರಲಿಲ್ಲ. ಆದರೂ ಇಬ್ಬರೂ ಸೇರಿ ಜನರ ಮುಂದೆ ನಿಂತು ಹೇಳಿದ ಮಾತಿನ ಸಾರ ಇಷ್ಟು: ನಾವು ಓಡಿದರೆ ರೋಗ ನಮ್ಮ ಜೊತೆಗೇ ಓಡುತ್ತದೆ. ಊರ ಸುತ್ತ ಗೆರೆ ಹಾಕೋಣ. ಯಾರೂ ಹೊರಗೆ ಹೋಗುವುದು ಬೇಡ, ಯಾರೂ ಒಳಗೆ ಬರುವುದು ಬೇಡ.

ಊರು ಒಪ್ಪಿತು. ಎಲ್ಲೆಗೆ ಕಲ್ಲುಗಳೇ ಗುರುತಾದವು. ಚಾಟ್ಸ್‌ವರ್ತ್‌ನ ಅರ್ಲ್ ಆಹಾರ ಕಳಿಸುವ ಏರ್ಪಾಡು ಮಾಡಿದ. ಹೊರಗಿನವರು ದಿನಸಿಯನ್ನು ಎಲ್ಲೆಯಲ್ಲಿಟ್ಟು ಹೋಗುವರು. ಒಳಗಿನವರು ಕಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ಅದರಲ್ಲಿ ನಾಣ್ಯ ಹಾಕುವರು, ಇಲ್ಲವೇ ಹರಿಯುವ ಒರತೆಯಲ್ಲಿ ಇಡುವರು. ಚರ್ಚಿನೊಳಗೆ ಗುಂಪು ಸೇರದೆ ಬಯಲಿನ ತಗ್ಗಿನಲ್ಲಿ ದೂರದೂರ ನಿಂತು ಪ್ರಾರ್ಥನೆ. ಸತ್ತವರನ್ನು ಮನೆಯವರೇ ತಮ್ಮ ತೋಟದಲ್ಲಿ ಹೂಳಬೇಕು.

ಪಾದ್ರಿ ತನ್ನ ಮಕ್ಕಳಿಬ್ಬರನ್ನು ಮೊದಲೇ ಹೊರಗೆ ಕಳಿಸಿದ್ದ. ಹೆಂಡತಿ ಕ್ಯಾಥರೀನ್ ಮಾತ್ರ ಗಂಡನನ್ನು ಬಿಟ್ಟು ಹೋಗಲಿಲ್ಲ. ಆಗಸ್ಟ್‌ನಲ್ಲಿ ಅವಳೂ ಹೋದಳು. ಅವಳ ಸಮಾಧಿ ಚರ್ಚಿನ ಅಂಗಳದಲ್ಲಿದೆ. ನವೆಂಬರ್ ಮೊದಲಲ್ಲಿ ರೋಗ ನಿಲ್ಲುವ ಹೊತ್ತಿಗೆ, ಊರಿನವರು ಹೇಳಿಕೊಂಡು ಬಂದ ಲೆಕ್ಕದಲ್ಲಿ 260 ಜನ ಸತ್ತಿದ್ದರು. ಸುತ್ತಲಿನ ಊರುಗಳು ಉಳಿದುಕೊಂಡವು. ಚದುರಿ ಹೋಗಿದ್ದರೆ ಈಮ್‌ನವರೇ ಇನ್ನೂ ಹೆಚ್ಚು ಮಂದಿ ಬದುಕುತ್ತಿದ್ದರೇನೋ ಎಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಇದ್ದರೂ ಇರಬಹುದು. ಆದರೆ ಅವರು ಉಳಿಸಹೊರಟಿದ್ದು ತಮ್ಮನ್ನಲ್ಲವಲ್ಲ.

ಊರಿನಿಂದ ಸ್ವಲ್ಪ ದೂರ ನಡೆದರೆ ಇಳಿಜಾರು ಹೊಲದಲ್ಲಿ ಕಲ್ಲಿನ ಪುಟ್ಟ ಆವರಣ. ಒಳಗೆ ಹ್ಯಾಂಕಾಕ್ ಕುಟುಂಬದ ಏಳು ಜನರ ಗುರುತು. ಎಲಿಜಬೆತ್ ಹ್ಯಾಂಕಾಕ್ ಎಂಬ ತಾಯಿ 1666ರ ಆಗಸ್ಟ್‌ನ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಇಲ್ಲಿ ಹೂತಳು. ಒಬ್ಬಳೇ. ತಾನೇ ಗುಂಡಿ ತೋಡಿ, ತಾನೇ ಎಳೆದು ತಂದು. ಸಹಾಯಕ್ಕೆ ಯಾರೂ ಬರಲಿಲ್ಲ, ಬರುವ ಹಾಗೂ ಇರಲಿಲ್ಲ.

ಅಲ್ಲಿ ನನಗೆ ಕಾಲು ಮುಂದಕ್ಕೆ ಹೋಗಲಿಲ್ಲ. 2020ರಲ್ಲಿ ನಮ್ಮ ಬೀದಿಗೂ ಬೊಂಬು ಅಡ್ಡ ಕಟ್ಟಿದ್ದರು. ಮೂವತ್ತು ಮೈಲಿ ಆಚೆ ನನ್ನ ದೊಡ್ಡಕ್ಕ ತೀರಿಕೊಂಡಾಗ ಹೋಗಲಾಗಲಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿದರು. ಎತ್ತಿ ಆಡಿಸಿದ ಅಕ್ಕ, ಒಂದು ಹಿಡಿ ಮಣ್ಣು ಹಾಕಲಿಕ್ಕೂ ಕೈಗೆ ಸಿಗಲಿಲ್ಲ. ಆ ಬೊಂಬಿನ ಮೇಲೆ ನನಗೆ ವರ್ಷಗಟ್ಟಲೆ ಸಿಟ್ಟಿತ್ತು. ಯಾರೋ ಕಟ್ಟಿದ ಗೆರೆ, ನನ್ನ ಅಕ್ಕನಿಗೂ ನನಗೂ ನಡುವೆ ಅಂತ.

ಮಗಳು ಮಗುವನ್ನು ಎದೆಗೆ ಕಟ್ಟಿಕೊಂಡು ಹಿಂದೆಯೇ ನಿಂತಿದ್ದಳು. "ಅಮ್ಮಾ, ಎಡವಟ್ಟಾಯ್ತಾ? ಕೂತ್ಕೋತೀಯಾ?" ಅಂದಳು. "ಇಲ್ಲ ಕಣೇ" ಅಂದೆ. ಸಿಟ್ಟು ಪೂರ್ತಿ ಇಳಿಯಿತು ಅಂತ ಹೇಳಲಾರೆ. ಆದರೆ ಆ ಬೊಂಬಿನ ಆಚೆಗೂ ಯಾರದೋ ಮನೆಯಲ್ಲಿ ಇಂಥದೇ ಒಂದು ಕೂಸು ಇದ್ದಿರಬಹುದು ಅನ್ನುವುದು ಅಂದು ಮೊದಲ ಬಾರಿ ಮನಸ್ಸಿಗೆ ಬಂತು.

ಇಳಿಯುವಾಗ ಪಕ್ಕದ ಸ್ಟೋನಿ ಮಿಡಲ್‌ಟನ್ ಹಳ್ಳಿಗೆ ಹೋಗುವ ಹಾದಿಯಲ್ಲಿ ಆ ಎಲ್ಲೆಗಲ್ಲನ್ನು ನೋಡಿದೆವು. ಹೊಲದ ನಡುವೆ ಸಾಮಾನ್ಯವಾದ ಒಂದು ಬಂಡೆ, ಮೇಲೆ ಕುಳಿಗಳು. ಬೆರಳು ಇಟ್ಟು ನೋಡಿದೆ. ಒಳಗೆ ತಣ್ಣನೆಯ ಮಳೆನೀರು. ಯಾರೋ ಅದರಲ್ಲಿ ಒಂದೆರಡು ಚಿಲ್ಲರೆ ಕಾಸು ಹಾಕಿ ಹೋಗಿದ್ದರು.

ಕೌನ್ಸಿಲ್ಲಿನ ಗೆರೆ ನಾಳೆ ಇತ್ತ ಸರಿಯಬಹುದು, ಅತ್ತ ಸರಿಯಬಹುದು. ಹೊಸ ಹೆಸರೂ ಬರಬಹುದು. ಈ ಕಲ್ಲು ಅಲ್ಲೇ ಇರುತ್ತದೆ. ನಾನೂ ಪರ್ಸಿನಿಂದ ಒಂದು ನಾಣ್ಯ ತೆಗೆದು ಕುಳಿಯಲ್ಲಿಟ್ಟೆ, ಅಕ್ಕನ ಹೆಸರಿನಲ್ಲಿ.